ಪುಟ್ಟ ಹೆಲಿಕಾಪ್ಟರಿಗೆ ದೊಡ್ಡ ಆರೈಕೆ

ದಾಂಡೇಲಿ ಕಾಡಿನಲ್ಲಿ ದಾಸ ಮಂಗಟ್ಟೆ ಹಾರಿದರೆ, ಹಕ್ಕಿ ಕಣ್ಣಿಗೆ ಬೀಳುವ ಮೊದಲೇ ರೆಕ್ಕೆಯ ಸದ್ದು ಕೇಳಿಸುತ್ತದೆ. ಹಾಗೆಯೇ ಸದ್ದು ಮಾಡುತ್ತ, ಹಿಂದೆ ಬಿಳಿ ಹೊಗೆ ಬಿಡುತ್ತ ಹಾರುವ ಪುಟ್ಟ ಯಂತ್ರವೊಂದಿದೆ. ಅದೇ ನೈಟ್ರೊ ಎಂಜಿನ್ನಿನ ಮಾದರಿ ಹೆಲಿಕಾಪ್ಟರ್. ಕೈಯಲ್ಲಿ ಹಿಡಿದ ರೇಡಿಯೊ ರಿಮೋಟಿನಿಂದ ಅದನ್ನು ನಡೆಸುತ್ತಾರೆ. 1970ರ ಸುಮಾರಿಗೆ ಜರ್ಮನಿಯ ಡೀಟರ್ ಶ್ಲೂಟರ್ ಇಂಥ ಹೆಲಿಕಾಪ್ಟರನ್ನು ಹತೋಟಿಯಲ್ಲಿಟ್ಟು ಹಾರಿಸಿ ತೋರಿಸಿದರು. ಅಲ್ಲಿಂದ ಈ ಹವ್ಯಾಸ ಬೆಳೆಯಿತು. ಈಗ ಬ್ಯಾಟರಿಯವೂ ಬಂದಿವೆ. ಆದರೆ ಎಂಜಿನ್ನಿನ ಗುಟ್ಟು ಕಲಿಯಲು ನೈಟ್ರೊ ಮಾದರಿಯೇ ಒಳ್ಳೆಯ ಮೇಷ್ಟ್ರು.

ಇದರ ಊಟ ಏನು?

ಪೆಟ್ರೋಲ್ ಅಲ್ಲ! ಮೆಥನಾಲ್, ನೈಟ್ರೊಮೀಥೇನ್ ಮತ್ತು ಎಣ್ಣೆ ಬೆರೆಸಿದ ಇಂಧನ. ಆ ಎಣ್ಣೆಯಲ್ಲಿ ಅನೇಕ ವೇಳೆ ಅಜ್ಜಿ ತಲೆಗೆ ತಟ್ಟುವ ಹರಳೆಣ್ಣೆಯೂ ಇರುತ್ತದೆ. ಎಂಜಿನ್ನಿನ ತಲೆಯಲ್ಲಿರುವ ಗ್ಲೋ ಪ್ಲಗ್ಗಿನೊಳಗೆ ಪ್ಲಾಟಿನಂ ಬೆರೆತ ತಂತಿಯ ಸುರುಳಿ ಇದೆ. ಶುರು ಮಾಡುವಾಗ ಮಾತ್ರ ಅದನ್ನು ಬ್ಯಾಟರಿಯಿಂದ ಕಾಯಿಸಬೇಕು. ಆಮೇಲೆ ಉರಿಯುವ ಇಂಧನದ ಬಿಸಿಗೇ ಅದು ಕೆಂಪಗೆ ಇರುತ್ತದೆ.

ಸೂಜಿಯ ಆಟ

ಗಾಳಿಗೆ ಎಷ್ಟು ಇಂಧನ ಬೆರೆಯಬೇಕೆಂದು ನಿರ್ಧರಿಸುವುದು ಕಾರ್ಬ್ಯುರೇಟರಿನ ಸೂಜಿ ತಿರುಪು. ಇಂಧನ ಹೆಚ್ಚಾದರೆ ಎಂಜಿನ್ ಮುಕ್ಕರಿಯುತ್ತದೆ, ದಟ್ಟ ಹೊಗೆ ಉಗುಳುತ್ತದೆ. ಕಡಿಮೆಯಾದರೆ ಅದರ ಜೊತೆಗೆ ಬರುವ ಎಣ್ಣೆಯೂ ಕಡಿಮೆ. ಆಗ ಎಂಜಿನ್ ವಿಪರೀತ ಕಾದು, ಪಿಸ್ಟನ್ ಹಾಳಾಗುತ್ತದೆ. ಆದ್ದರಿಂದ ಮೊದಲು ಇಂಧನ ಹೆಚ್ಚೇ ಇಟ್ಟು, ಸೂಜಿಯನ್ನು ಚೂರುಚೂರೇ ಬಿಗಿ ಮಾಡುತ್ತ ಬರಬೇಕು. ಹಾರುವಾಗ ತೆಳು ಹೊಗೆಯ ಗೆರೆ ಕಾಣುತ್ತಲೇ ಇರಬೇಕು.

ಒಮ್ಮೆ ಹೊಂದಿಸಿದರೆ ಮುಗಿಯಿತೇ? ಇಲ್ಲ. ಹಳಿಯಾಳದಲ್ಲಿ ಡಿಸೆಂಬರ್ ಮುಂಜಾನೆಯ ಗಾಳಿ ತಂಪು, ದಟ್ಟ. ಅದರಲ್ಲಿ ಆಮ್ಲಜನಕ ಹೆಚ್ಚು. ಮಧ್ಯಾಹ್ನದ ಬಿಸಿ ಗಾಳಿ ತೆಳು. ಮಧ್ಯಾಹ್ನ ಸರಿಯಾಗಿದ್ದ ಸೂಜಿಯನ್ನು ಮುಂಜಾನೆ ತುಸು ಸಡಿಲಿಸದಿದ್ದರೆ ಎಂಜಿನ್ ಕಾಯುತ್ತದೆ.

ತೇವವೇ ಶತ್ರು

ಜೋಯಿಡಾದ ಮಳೆಗಾಲದಲ್ಲಿ ಡಬ್ಬಿಯೊಳಗಿನ ಉಪ್ಪು ನೀರೊಡೆಯುತ್ತದಲ್ಲ, ಮೆಥನಾಲಿನದೂ ಅದೇ ಗುಣ. ಗಾಳಿಯ ತೇವವನ್ನು ಅದು ಹೀರಿಕೊಳ್ಳುತ್ತದೆ. ಕ್ಯಾನಿನ ಮುಚ್ಚಳ ಸಡಿಲವಾದರೆ ಇಂಧನ ಕೆಡುತ್ತದೆ. ಎಂಜಿನ್ನಿನಲ್ಲಿ ಉಳಿದ ಇಂಧನ ಬೇರಿಂಗಿಗೆ ತುಕ್ಕು ತರುತ್ತದೆ. ಅದಕ್ಕೇ ದಿನದ ಕೊನೆಯ ಹಾರಾಟದ ನಂತರ ಟ್ಯಾಂಕ್ ಖಾಲಿ ಮಾಡಿ, ಕೊಳವೆಯಲ್ಲಿ ಉಳಿದದ್ದನ್ನು ಉರಿಸಿ ಮುಗಿಸಿ, ಎಂಜಿನ್ನಿಗೆ ಕೆಲವು ಹನಿ ತುಕ್ಕುನಿರೋಧಕ ಎಣ್ಣೆ ಬಿಟ್ಟು ಕೈಯಿಂದ ತಿರುಗಿಸಿ ಇಡಬೇಕು. ಎಂಜಿನ್ನಿನ ನಡುಕಕ್ಕೆ ತಿರುಪುಗಳು ಸಡಿಲವಾಗುತ್ತವೆ. ಪ್ರತಿಯೊಂದನ್ನೂ ಮುಟ್ಟಿ ನೋಡಬೇಕು.

ಒಂದು ಲೆಕ್ಕ ಮಾಡಿ

ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ, 1992ರಲ್ಲಿ ಮೊದಲು ಹಾರಿದ ಧ್ರುವ ಹೆಲಿಕಾಪ್ಟರಿನಂತೆ ಇದೂ ತಿರುಗುವ ರೆಕ್ಕೆಗಳ ಓರೆಯನ್ನು ಬದಲಿಸಿಯೇ ಏರುತ್ತದೆ, ಇಳಿಯುತ್ತದೆ. ರೆಕ್ಕೆಗಳು ತಿರುಗುವ ವೃತ್ತದ ಅಗಲ 1.35 ಮೀಟರ್, ನಿಮಿಷಕ್ಕೆ 1,900 ಸುತ್ತು ಎಂದುಕೊಳ್ಳಿ. ಒಂದು ಸುತ್ತಿಗೆ ರೆಕ್ಕೆಯ ತುದಿ ಸುಮಾರು 4.24 ಮೀಟರ್ ಓಡುತ್ತದೆ. ನಿಮಿಷಕ್ಕೆ 8 ಕಿಲೋಮೀಟರ್. ಗಂಟೆಗೆ ಸುಮಾರು 480! ಇಷ್ಟು ವೇಗದ ರೆಕ್ಕೆ ತಗುಲಿದರೆ ಜೀವಕ್ಕೇ ಅಪಾಯ. ಆದ್ದರಿಂದ ಎರಡೂ ರೆಕ್ಕೆಗಳ ತೂಕ ಸಮನಾಗಿರಬೇಕು, ಬಿರುಕು ಕಂಡ ರೆಕ್ಕೆಯನ್ನು ಎಸೆಯಲೇಬೇಕು, ನೋಡುವವರು ದೂರ ನಿಲ್ಲಬೇಕು.

ಮೆಥನಾಲ್ ವಿಷ, ಹೊಟ್ಟೆಗೆ ಹೋದರೆ ಕಣ್ಣೇ ಹೋಗಬಹುದು. ಅದರ ಜ್ವಾಲೆ ಹಗಲಿನಲ್ಲಿ ಸರಿಯಾಗಿ ಕಾಣುವುದೂ ಇಲ್ಲ. ಇಂಧನ ತುಂಬಿಸುವುದು, ಎಂಜಿನ್ ಶುರು ಮಾಡುವುದು ದೊಡ್ಡವರ ಕೆಲಸ. ಮಕ್ಕಳು ತಿರುಪು ಪರೀಕ್ಷಿಸಬಹುದು, ಒರೆಸಿ ಶುಚಿ ಮಾಡಬಹುದು, ಅಂದಿನ ಹವೆ ಮತ್ತು ಸೂಜಿಯ ಸ್ಥಾನವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಬಹುದು.

ಎಲ್ಲಿ ಹಾರಿಸುವುದು?

ಮಾದರಿಗಳಿಗೂ 2021ರ ಡ್ರೋನ್ ನಿಯಮಗಳಿವೆ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಹಸಿರು ವಲಯವೇ ಎಂದು ಮೊದಲು ನೋಡಿ. ದಾಂಡೇಲಿ, ಜೋಯಿಡಾ ಭಾಗದ ಕಾಳಿ ಹುಲಿ ಸಂರಕ್ಷಿತ ಪ್ರದೇಶವಾಗಲಿ ಮುಂಡಗೋಡದ ಅತ್ತಿವೇರಿ ಪಕ್ಷಿಧಾಮವಾಗಲಿ ಇದಕ್ಕೆ ಜಾಗವಲ್ಲ. ಅಲ್ಲಿನ ಆಕಾಶ ಮಂಗಟ್ಟೆ, ಕೊಕ್ಕರೆಗಳದು. ಭತ್ತದ ಕೊಯ್ಲು ಮುಗಿದ ಬಯಲು ಗದ್ದೆ, ಅದರ ಒಡೆಯರ ಒಪ್ಪಿಗೆ, ಪಕ್ಕದಲ್ಲೊಬ್ಬ ಅನುಭವಿ ಹಿರಿಯರು: ಈ ಮೂರೂ ಇದ್ದರೆ ಎಂಜಿನ್ ಶುರು ಮಾಡಬಹುದು.