ರಕ್ತನಿಧಿಯ ಕಾವಲು

ರಕ್ತದಾನದ ಮಹಿಮೆಯನ್ನು ಕುರಿತು ನೀವು ಬೇಕಾದಷ್ಟು ಕೇಳಿರುವಿರಿ. ಆದರೆ ದಾನಿಯ ತೋಳಿನಿಂದ ಹೊರಟ ರಕ್ತ ರೋಗಿಯ ತೋಳನ್ನು ಸೇರುವುದಕ್ಕೆ ಅನೇಕ ವೇಳೆ ಹಲವು ದಿನಗಳೇ ಹಿಡಿಯುತ್ತವೆ. ಆ ದಿನಗಳಲ್ಲಿ ಅದನ್ನು ಕಾಯುವವರು ಯಾರು? ಒಂದು ರೆಫ್ರಿಜರೇಟರು, ಒಂದು ತಕ್ಕಡಿ, ಒಂದು ಬೆಚ್ಚನೆಯ ನೀರಿನ ತೊಟ್ಟಿ, ಗಿರ್ರನೆ ತಿರುಗುವ ಒಂದು ಸೆಂಟ್ರಿಫ್ಯೂಜು. ಈ ಮೂಕ ಕಾವಲುಗಾರರ ಪರವಾಗಿ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

1818ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಬ್ಲಂಡೆಲ್ ಮನುಷ್ಯನ ರಕ್ತವನ್ನು ಮನುಷ್ಯನಿಗೆ ಕೊಟ್ಟು ನೋಡಿದನು. ಮುಂದಿನ ವರ್ಷಗಳ ಅವನ ರೋಗಿಗಳಲ್ಲಿ ಕೆಲವರು ಉಳಿದರು, ಕೆಲವರು ಅಳಿದರು. ಏಕೆಂಬುದು ಯಾರಿಗೂ ತಿಳಿಯದು. 1901ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದಲ್ಲಿ ಗುಂಪುಗಳುಂಟೆಂದು ತೋರಿಸಿಕೊಟ್ಟ ಮೇಲೆ ಆ ಒಗಟು ಬಿಡಿಸಿಕೊಂಡಿತು. 1945ರಲ್ಲಿ ಕೂಂಬ್ಸ್, ಮೂರಂಟ್, ರೇಸ್ ಎಂಬ ಮೂವರು ಅಡಗಿ ಕುಳಿತ ಪ್ರತಿಕಾಯಗಳನ್ನೂ ಪತ್ತೆಹಚ್ಚುವ ಪರೀಕ್ಷೆಯನ್ನು ರೂಪಿಸಿದರು. ಇವು ಮನುಷ್ಯನ ಬುದ್ಧಿಯ ದೊಡ್ಡ ಗೆಲುವುಗಳು. ಆದರೂ ಈ ಜ್ಞಾನವೆಲ್ಲ ರೋಗಿಯ ಹಾಸಿಗೆಯವರೆಗೆ ಬರಬೇಕಾದರೆ ಯಂತ್ರಗಳನ್ನು ಹಾದೇ ಬರಬೇಕು. ಯಂತ್ರ ತಪ್ಪಿದರೆ ಶಾಸ್ತ್ರವೂ ತಪ್ಪಿತು.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ್ದ ದಿನಗಳಲ್ಲಿ ಒಂದು ಊರಿನ ರಕ್ತನಿಧಿಯ ಹೊಣೆ ನನ್ನ ಮೇಲಿತ್ತು. ಅಲ್ಲಿನ ಹಿರಿಯ ತಂತ್ರಜ್ಞರು ರೆಫ್ರಿಜರೇಟರಿನೊಳಗೆ, ರಕ್ತದ ಚೀಲಗಳ ನಡುವೆ, ಗ್ಲಿಸರಿನ್ ಬೆರೆತ ನೀರಿನ ಒಂದು ಸೀಸೆಯನ್ನಿಟ್ಟು ಅದರಲ್ಲಿ ಗಾಜಿನ ಉಷ್ಣಮಾಪಕವನ್ನು ಮುಳುಗಿಸಿಟ್ಟಿದ್ದರು. ಬಾಗಿಲು ತೆರೆದಾಗಲೆಲ್ಲ ಒಳಗಿನ ಗಾಳಿ ಬೆಚ್ಚಗಾಗುವುದು ಸಹಜ. ಆದರೆ ರಕ್ತ ಎಷ್ಟು ಬೆಚ್ಚಗಾಯಿತೆಂಬುದನ್ನು ದ್ರವದಲ್ಲಿ ಮುಳುಗಿದ ಉಷ್ಣಮಾಪಕವೇ ಹೇಳಬೇಕು.

ಮೇ ತಿಂಗಳ ಒಂದು ರಾತ್ರಿ, ಹೆರಿಗೆಯಾದ ತಾಯಿಯೊಬ್ಬಳಿಗೆ ರಕ್ತಸ್ರಾವ ನಿಲ್ಲದೆ, ರಕ್ತ ಬೇಕೆಂದು ಕರೆ ಬಂದಿತು. ರೆಫ್ರಿಜರೇಟರಿನ ಹೊರಮೈಯ ಮುಳ್ಳು 4 ಡಿಗ್ರಿ ತೋರಿಸುತ್ತಿತ್ತು. ನಾನು ಚೀಲಕ್ಕೆ ಕೈಹಾಕುವಷ್ಟರಲ್ಲಿ ಆ ಹಿರಿಯರು ತಡೆದರು: “ಹೊರಗಿನ ಮುಳ್ಳನ್ನು ನಂಬಬೇಡಿ ಸಾರ್, ಸೀಸೆಯನ್ನು ನೋಡಿ.” ಸೀಸೆಯ ಉಷ್ಣಮಾಪಕ 13 ಡಿಗ್ರಿಯಲ್ಲಿ ನಿಂತಿತ್ತು. ಬಾಗಿಲಿನ ರಬ್ಬರಿನ ಅಂಚು ಸೀಳಿ, ಒಳಗಿನ ತಂಪು ಹೊರಕ್ಕೆ ಸೋರಿಹೋಗಿತ್ತು. ಎಚ್ಚರಿಕೆಯ ಗಂಟೆ ಬಾರಿಸಲಿಲ್ಲ. ಅದರ ಬ್ಯಾಟರಿ ಯಾವಾಗಲೋ ಸತ್ತಿತ್ತು.

ರಕ್ತವನ್ನು 2ರಿಂದ 6 ಡಿಗ್ರಿ ಸೆಲ್ಸಿಯಸ್‌ನೊಳಗೆ ಇಡಬೇಕು. ಹಾಗಿಟ್ಟರೆ, ಇಂದು ಬಳಕೆಯಲ್ಲಿರುವ ಒಂದು ಸಂರಕ್ಷಕದಲ್ಲಿ ಅದು 35 ದಿನ ಬಾಳುತ್ತದೆ. ಶಾಖವೇರಿದರೆ, ಸೂಜಿಯೊಡನೆ ನುಸುಳಿರಬಹುದಾದ ಬ್ಯಾಕ್ಟೀರಿಯಗಳು ಬೆಳೆಯುತ್ತವೆ. ಹೆಪ್ಪುಗಟ್ಟಿದರೆ ಕೆಂಪುಕಣಗಳು ಒಡೆಯುತ್ತವೆ. ಕೆಟ್ಟ ಹಾಲು ವಾಸನೆಯಿಂದ ತಿಳಿಸುತ್ತದೆ. ಕೆಟ್ಟ ರಕ್ತ ಅನೇಕ ವೇಳೆ ಹೊರನೋಟಕ್ಕೆ ಒಳ್ಳೆಯ ರಕ್ತದಂತೆಯೇ ಇರುತ್ತದೆ. ಆ ರಾತ್ರಿ ಇದ್ದಬದ್ದ ಚೀಲಗಳನ್ನೆಲ್ಲ ಕೈಬಿಟ್ಟೆವು. ಬೇರೊಂದು ಆಸ್ಪತ್ರೆಯಿಂದ ರಕ್ತ ಬರುವವರೆಗಿನ ಎರಡು ಗಂಟೆಗಳನ್ನು ನಾನು ಮರೆತಿಲ್ಲ. ತಾಯಿ ಉಳಿದಳು. ಸೀಸೆ ಇರದಿದ್ದರೆ, ಆ ರಕ್ತವನ್ನು ನಾನೇ ನನ್ನ ಕೈಯಾರೆ ಕಳುಹಿಸುತ್ತಿದ್ದೆ.

ಉಳಿದ ಉಪಕರಣಗಳ ಮಾತೂ ಹೀಗೆಯೇ. 350 ಮಿಲಿಲೀಟರ್ ರಕ್ತಕ್ಕಾಗಿ ಮಾಡಿದ ಚೀಲದಲ್ಲಿ ಹೆಪ್ಪುಗಟ್ಟದಂತೆ ತಡೆಯುವ ದ್ರಾವಣ 49 ಮಿಲಿಲೀಟರ್ ಇರುತ್ತದೆ. ತಕ್ಕಡಿ ಸುಳ್ಳಾಡಿ ರಕ್ತ ಹೆಚ್ಚಾದರೆ ಹೆಪ್ಪುಗಳು ಮೂಡಬಹುದು. ಕಡಿಮೆಯಾದರೆ ದ್ರಾವಣದ ಪಾಲು ಅತಿಯಾಗುತ್ತದೆ. ಸೆಂಟ್ರಿಫ್ಯೂಜಿನ ವೇಗ ಕುಗ್ಗಿದರೆ, ಹೊಂದದ ರಕ್ತವೂ ಹೊಂದುವಂತೆ ಕಂಡೀತು. ವೇಗ ಮೀರಿದರೆ ಹೊಂದುವ ರಕ್ತವೂ ಗಂಟುಕಟ್ಟಿದಂತೆ ತೋರೀತು. ನೀರಿನ ತೊಟ್ಟಿ 37 ಡಿಗ್ರಿಯಲ್ಲಿ ನಿಲ್ಲದಿದ್ದರೆ ಕೆಲವು ಪ್ರತಿಕಾಯಗಳು ಕಣ್ಣುತಪ್ಪಿಸಿಕೊಳ್ಳುತ್ತವೆ. ಎಚ್‌ಐವಿ, ಕಾಮಾಲೆಯ ವೈರಸ್ಸುಗಳನ್ನು ಹುಡುಕುವ ಪರೀಕ್ಷೆಯಲ್ಲಿ ಪಿಪೆಟ್ಟು ಒಂದು ಹನಿ ಕಡಿಮೆ ಸುರಿದರೂ ಫಲಿತಾಂಶ ತಲೆಕೆಳಗಾಗಬಹುದು.

ನಿಂತ ಗಡಿಯಾರ ಯಾರನ್ನೂ ಮೋಸಗೊಳಿಸದು. ಹತ್ತು ನಿಮಿಷ ಹಿಂದೆ ನಡೆಯುವ ಗಡಿಯಾರವೇ ರೈಲು ತಪ್ಪಿಸುವುದು. ಯಂತ್ರಗಳಲ್ಲಿಯೂ ಅಷ್ಟೆ. ಆದ್ದರಿಂದ ಉಷ್ಣಮಾಪಕವನ್ನು ಇನ್ನೊಂದು ನಂಬಿಕೆಯ ಉಷ್ಣಮಾಪಕದೊಡನೆ, ತಕ್ಕಡಿಯನ್ನು ತಿಳಿದ ತೂಕದ ಬಟ್ಟಿನೊಡನೆ ಗೊತ್ತಾದ ಅವಧಿಗೊಮ್ಮೆ ಹೋಲಿಸಿ ನೋಡಬೇಕು, ನೋಡಿದ್ದನ್ನು ಬರೆದಿಡಬೇಕು. ಇಂದು ಉಷ್ಣತೆಯನ್ನು ತಾವಾಗಿಯೇ ಬರೆದುಕೊಳ್ಳುವ ಸಾಧನಗಳು ಬಂದಿವೆ. ಅವುಗಳ ಮೇಲೂ ಒಂದು ಕಣ್ಣು ಬೇಕು. ಗಂಟೆ ಬಾರಿಸುತ್ತದೆಯೇ ಎಂದು ಬಾರಿಸಿಯೇ ನೋಡಬೇಕು. ನಮ್ಮ ದೇಶದ ಕಾನೂನು ರಕ್ತವನ್ನು ಔಷಧವೆಂದೇ ಎಣಿಸಿ, ಇಂಥ ದಾಖಲೆಗಳನ್ನು ಕಡ್ಡಾಯ ಮಾಡಿದೆ.

ಕಾನೂನಿದ್ದೂ ಅಂಚಿನ ರಬ್ಬರು ಏಕೆ ಸೀಳಿತ್ತು? ಅದಕ್ಕಾಗಿ ಬರೆದ ಕಾಗದ ಮೂರು ತಿಂಗಳಿನಿಂದ ಮೇಜಿನಿಂದ ಮೇಜಿಗೆ ಸಾಗುತ್ತಿತ್ತು. ಆ ರೆಫ್ರಿಜರೇಟರಿನ ಮೇಲೆ ದಾನಿಗಳ ಹೆಸರು ಕೆತ್ತಿದ ಹಿತ್ತಾಳೆಯ ಫಲಕ ಮಾತ್ರ ಫಳಫಳ ಹೊಳೆಯುತ್ತಿತ್ತು. ಯಂತ್ರವನ್ನು ಕೊಡುವವರು ನಮ್ಮಲ್ಲಿ ಉಂಟು. ಅದರ ರಬ್ಬರಿಗೆ, ಬ್ಯಾಟರಿಗೆ, ವರ್ಷದ ದುರಸ್ತಿಗೆ ಕೊಡುವವರು ವಿರಳ. ರಬ್ಬರಿನ ಮೇಲೆ ಹೆಸರು ಕೆತ್ತಲಾಗುವುದಿಲ್ಲವಲ್ಲ!

ಮುಂದಿನ ಸಲ ರಕ್ತ ಕೊಡಲು ಹೋದಾಗ ಉಷ್ಣತೆಯನ್ನು ಬರೆದಿಡುವ ಪುಸ್ತಕವನ್ನು ಒಮ್ಮೆ ತೋರಿಸಿರೆಂದು ವಿನಯದಿಂದಲೇ ಕೇಳಿ. ಕೊಟ್ಟ ರಕ್ತ ಎಂಥ ಕೈಗಳಲ್ಲಿದೆಯೆಂದು ತಿಳಿಯುವ ಹಕ್ಕು ಕೊಟ್ಟವನಿಗೆ ಉಂಟು.