ನಿಮಗಿದು ಗೊತ್ತೆ? ಸುಲ್ತಾನರ ಹಮಾಮ್ ನಮ್ಮ ಬೀದರ್‌ನಲ್ಲೇ ಇದೆ

ಇಸ್ತಾಂಬುಲ್ ಪ್ರವಾಸಿಗರು ಆಸೆಪಟ್ಟು ಹೋಗುವ ಹಮಾಮ್ ಎಂಬ ಬಿಸಿ ಸ್ನಾನಗೃಹ ನಮ್ಮ ಭಾಗಕ್ಕೆ ಹೊಸದೇನಲ್ಲ. ರಾಯಚೂರು ದೋಆಬಿಗಾಗಿ ವಿಜಯನಗರದೊಂದಿಗೆ ತಲೆತಲಾಂತರ ಕಾದಾಡಿದ ಬಹಮನಿ ಸುಲ್ತಾನರ ಬೀದರ್ ಕೋಟೆಯಲ್ಲಿ ಷಾಹಿ ಹಮಾಮ್ ಇದೆ. ಈಗದು ಪುರಾತತ್ವ ವಸ್ತುಸಂಗ್ರಹಾಲಯ. ಶಿಲ್ಪಗಳನ್ನು ನೋಡಲು ಹೋದವರು ಕಟ್ಟಡವನ್ನೂ ಕಣ್ತುಂಬಾ ನೋಡಬೇಕು.

ತುರ್ಕಿ ಹಮಾಮಿನಲ್ಲಿ ತೊಟ್ಟಿಗಿಳಿದು ಮೀಯುವುದು ಮುಖ್ಯವಲ್ಲ, ಬೆವರುವುದೇ ಮುಖ್ಯ. ಹಳೆಯ ಹಮಾಮುಗಳಲ್ಲಿ ನೆಲದಡಿಯ ಟೊಳ್ಳಿನೊಳಗೆ ಒಲೆಯ ಬಿಸಿಗಾಳಿ ಹರಿಯುತ್ತಿತ್ತು. ಇದು ರೋಮನ್ನರ ಕಾಲದ ಉಪಾಯ. ಕಾದ ಅಮೃತಶಿಲೆಯ ಕಟ್ಟೆಯ ಮೇಲೆ ಮಲಗಿ ಮೈ ಚೆನ್ನಾಗಿ ಬೆವರಿದ ಮೇಲೆ ಒರಟು ಕೈಗವಸು ಹಾಕಿ ತಿಕ್ಕುತ್ತಾರೆ. ಕೊಳೆ ಸುರುಳಿ ಸುರುಳಿಯಾಗಿ ಉದುರುತ್ತದೆ. ಆಮೇಲೆ ಸಾಬೂನಿನ ನೊರೆ, ಮಾಲೀಸು. 16ನೇ ಶತಮಾನದಲ್ಲಿ ವಾಸ್ತುಶಿಲ್ಪಿ ಸಿನಾನ್ ಇಸ್ತಾಂಬುಲ್‌ನಲ್ಲಿ ಕಟ್ಟಿದ ಹುರ್ರೆಮ್ ಸುಲ್ತಾನ್ ಹಮಾಮಿನಲ್ಲಿ ಇಂದಿಗೂ ಸ್ನಾನ ಮಾಡಬಹುದು.

ನಮ್ಮ ಕಡೆಯ ದೇವದುರ್ಗ, ಮಾನ್ವಿಯ ಮನೆಗಳಲ್ಲಿ ಬಾಣಂತಿಗೆ, ಕೂಸಿಗೆ ಎಣ್ಣೆ ತಿಕ್ಕಿ ಬಿಸಿನೀರು ಎರೆಯುವ ಅಜ್ಜಿಯರ ಕೈಚಳಕವೂ ಅಷ್ಟೇ ದೊಡ್ಡ ವಿದ್ಯೆ. ದೀಪಾವಳಿಗೆ ಆ ಭಾಗ್ಯ ಮನೆಮಂದಿಗೆಲ್ಲ.

ಹಮಾಮಿಗೆ ಹೊರಟವರು ಉಂಡ ಕೂಡಲೇ ಹೋಗಬೇಡಿ, ಸಾಕಷ್ಟು ನೀರು ಕುಡಿಯಿರಿ. ಗರ್ಭಿಣಿಯರು, ಹೃದ್ರೋಗ ಇದ್ದವರು ಮೊದಲು ವೈದ್ಯರನ್ನು ಕೇಳಿ.