ಚಿನ್ನದ ಚೆಂಡಿನ ಬೇಲಿ

ಹಳಗನ್ನಡದ ಬಿರುದಾವಳಿಗಳನ್ನು ಪಾಠಮಾಡುತ್ತಲೇ ನನ್ನ ಬದುಕಿನ ಬಹುಭಾಗ ಕಳೆಯಿತು. ಅದರಿಂದಲೋ ಏನೋ, ಆಟಗಾರರ ವಿಷಯ ಓದುವಾಗಲೂ ಯಾರಿಗೆ ಯಾವ ಬಿರುದು ಸಂದಿತು, ಯಾವುದು ಸಲ್ಲಲಿಲ್ಲ ಎಂಬುದರತ್ತಲೇ ನನ್ನ ಗಮನ.

ಘಾನಾದ ಅಬೆದಿ ಅಯೂ ಅವರನ್ನು ಜನ ಬ್ರೆಜಿಲ್ಲಿನ ಮಹಾ ಆಟಗಾರನ ಹೆಸರಿನಿಂದ ಅಬೆದಿ ಪೆಲೆ ಎಂದೇ ಕರೆದರು. ‘ಫ್ರಾನ್ಸ್ ಫುಟ್‌ಬಾಲ್’ ಪತ್ರಿಕೆ ಆಫ್ರಿಕದ ವರ್ಷದ ಆಟಗಾರನಿಗೆಂದು ಕೊಡುತ್ತಿದ್ದ ಪ್ರಶಸ್ತಿ 1971ರಲ್ಲಿ ಅವರ ನಾಡಿನ ಇಬ್ರಾಹಿಂ ಸಂಡೆಗೆ, 1978ರಲ್ಲಿ ಅಬ್ದುಲ್ ರಜಾಕ್‌ಗೆ ಸಂದಿತ್ತು. ಅಬೆದಿಯವರಿಗೆ 1991ರಿಂದ ಸತತವಾಗಿ ಮೂರು ವರ್ಷ. 1993ರಲ್ಲಿ ಮ್ಯೂನಿಕ್‌ನಲ್ಲಿ ಫ್ರಾನ್ಸಿನ ಮಾರ್ಸೇ ತಂಡ ಇಟಲಿಯ ಮಿಲಾನ್ ತಂಡವನ್ನು ಮಣಿಸಿ ಯೂರೋಪಿನ ಕಪ್ ಗೆದ್ದಿತು. ಅಂದಿನ ಏಕೈಕ ಗೋಲನ್ನು ಬಾಸಿಲ್ ಬೋಲಿ ತಲೆಯಿಂದ ಹೊಡೆದರು. ಮೂಲೆಯಿಂದ ಆ ಚೆಂಡನ್ನು ಎತ್ತಿಕೊಟ್ಟ ಕಾಲು ಅಬೆದಿಯವರದು.

ಹೀಗಿದ್ದೂ, ಅದೇ ಪತ್ರಿಕೆ ಕೊಡುತ್ತಿದ್ದ ‘ಚಿನ್ನದ ಚೆಂಡು’ ಅವರಿಗೆ ಸಲ್ಲುವಂತಿರಲಿಲ್ಲ. ಅದು ಯೂರೋಪಿನ ಪ್ರಜೆಗಳಿಗೆ ಮಾತ್ರ ಮೀಸಲು! ಅರಮನೆಯಲ್ಲಿ ಹಾಡಿಸಿಕೊಂಡು, ಪಂಕ್ತಿಯಲ್ಲಿ ಎಲೆ ಹಾಕದ ಹಾಗಾಯಿತು. 1995ರಲ್ಲಿ ಬೇಲಿ ತೆಗೆದರು. ಆ ವರ್ಷವೇ ಲೈಬೀರಿಯದ ಜಾರ್ಜ್ ವಿಯಾ ಅದನ್ನು ಪಡೆದರು. ಅಬೆದಿಯವರಿಗೆ ಆಗಲೇ ಮೂವತ್ತು ದಾಟಿತ್ತು.

ವಿಶ್ವಕಪ್ಪೂ ಅವರಿಗೆ ಒದಗಲಿಲ್ಲ. ಘಾನಾ ಅಲ್ಲಿಗೆ ಮೊದಲು ಕಾಲಿಟ್ಟದ್ದು 2006ರಲ್ಲಿ. 2014ರಲ್ಲಿ, ಪೆಲೆಯ ಬ್ರೆಜಿಲ್ಲಿನಲ್ಲೇ, ಅವರ ಮಕ್ಕಳಾದ ಆಂಡ್ರೆ ಮತ್ತು ಜಾರ್ಡನ್ ಘಾನಾದ ಪರವಾಗಿ ಆಡಿದರು. ಆಂಡ್ರೆ ಎರಡು ಗೋಲು ಹೊಡೆದರು.